ಜರ್ಮನಿಯಲ್ಲಿ ಕೊನೆಯ 38 ಬೆಳಗು: ಅಂಟಾಗುವ ಉಪ್ಪಿಟ್ಟು, ಉಬ್ಬುವ ಹೊಟ್ಟೆ, ಹನ್ನೊಂದು ಗಂಟೆಯ ತೂಕಡಿಕೆ

ಪ್ರಶ್ನೆ: ಮೇಡಂ, ನಾನು ಹಾಸನದವಳು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಮುಗಿಸುತ್ತಿದ್ದೇನೆ. ಮಾರ್ಚ್ 20ಕ್ಕೆ ಥೀಸಿಸ್ ಡಿಫೆನ್ಸ್, 31ಕ್ಕೆ ಹಾಸ್ಟೆಲ್ ರೂಮು ಖಾಲಿ ಮಾಡಬೇಕು. ಇನ್ನು 38 ದಿನ. ಎರಡು ವರ್ಷ ಬೆಳಿಗ್ಗೆ ಬ್ರೆಡ್ಡು-ಜಾಮಿನಲ್ಲೇ ಕಳೆದೆ. ಈಗ ಮನೆಯಲ್ಲಿರುವ ಸಾಮಾನು ಖಾಲಿಯಾಗಲಿ ಅಂತ ತಿಂಡಿ ಮಾಡಲು ಶುರು ಮಾಡಿದ್ದೇನೆ, ಒಂದೂ ಸರಿಯಾಗುತ್ತಿಲ್ಲ. ಸೂಪರ್‌ಮಾರ್ಕೆಟ್ಟಿನ ರವೆಯಲ್ಲಿ ಉಪ್ಪಿಟ್ಟು ಮಾಡಿದರೆ ಮಗುವಿಗೆ ತಿನ್ನಿಸುವ ಸರಿಯ ಹಾಗೆ ಆಗುತ್ತದೆ, ಒಗ್ಗರಣೆ ಸೀದು ಹೋಗುತ್ತದೆ. ಅದನ್ನು ತಿಂದ ದಿನ ಹನ್ನೊಂದಕ್ಕೇ ತೂಕಡಿಕೆ. ರಾತ್ರಿ 80 ಗ್ರಾಂ ಓಟ್ಸನ್ನು 300 ಎಂ.ಎಲ್. ಹಾಲಿನಲ್ಲಿ ನೆನೆಸಿ, ಬೆಳಿಗ್ಗೆ ಸೇಬು, ಜೇನು ಹಾಕಿ ತಿಂದರೆ ಮಧ್ಯಾಹ್ನದವರೆಗೂ ಹೊಟ್ಟೆ ಉಬ್ಬರ. ಹಾಲಿನ ತೊಂದರೆ ಇರಬೇಕೆಂದು ಬಯೋ (ಸಾವಯವ) ಓಟ್ಸ್ ಹಾಲಿಗೆ ಬದಲಾಯಿಸಿದೆ. ಇಡ್ಲಿ ಹಿಟ್ಟು ಎರಡು ದಿನ ಇಟ್ಟರೂ ಉಬ್ಬಲಿಲ್ಲ. 'ಹಸಿ ಓಟ್ಸ್ ತಿನ್ನಬೇಡ, ದನ ತಿನ್ನೋದು ಅದು' ಎನ್ನುತ್ತಾರೆ ಅಮ್ಮ. ಡಬ್ಬಿಯಲ್ಲಿ ಒಡೆಯದ 1 ಕೆ.ಜಿ. ರವೆ, ಒಡೆದ ಅರ್ಧ ಕೆ.ಜಿ. ರವೆ, ಮುಕ್ಕಾಲು ಕೆ.ಜಿ. ದಪ್ಪ ಅವಲಕ್ಕಿ, ಅರ್ಧ ಕೆ.ಜಿ. ಓಟ್ಸ್, ಅರ್ಧ ಕೆ.ಜಿ. ಹೆಸರುಬೇಳೆ, ಒಂದಿಷ್ಟು ಕಡಲೆಬೀಜ ಇದೆ. ನಾನು ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳಿವೆ. ಉಪ್ಪಿಟ್ಟು ಅಂಟಾಗುವುದು ರವೆಯ ಮತ್ತು ಒಲೆಯ ಸಮಸ್ಯೆ. ಹೊಟ್ಟೆ ಉಬ್ಬರ ಒಂದೇ ಬಟ್ಟಲಿನಲ್ಲಿ ನೀವು ಸೇರಿಸಿದ ನಾಲ್ಕು ಪದಾರ್ಥಗಳ ಸಮಸ್ಯೆ. ಹನ್ನೊಂದರ ತೂಕಡಿಕೆ ಪ್ರೋಟೀನಿನ ಕೊರತೆ. ಮೂರನ್ನೂ 'ಜರ್ಮನಿಯ ತಿಂಡಿ ನನಗೆ ಆಗಿಬರುವುದಿಲ್ಲ' ಎಂದು ಒಂದೇ ಗಂಟು ಕಟ್ಟಿರುವುದರಿಂದ ಪರಿಹಾರ ಸಿಗುತ್ತಿಲ್ಲ.

ಮೊದಲು ರವೆ. ಜರ್ಮನಿಯ ಅಂಗಡಿಯಲ್ಲಿ 'ಗ್ರೀಸ್' ಹೆಸರಿನಲ್ಲಿ ಎರಡು ಬಗೆ ಸಿಗುತ್ತದೆ. ಒಂದು ವೈಖ್‌ವೈಟ್ಸನ್‌ಗ್ರೀಸ್, ಮೆದು ಗೋಧಿಯದು; ಅಲ್ಲಿಯವರು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ಗಂಜಿ ಮಾಡುವುದು ಇದರಲ್ಲೇ. ಇನ್ನೊಂದು ಹಾರ್ಟ್‌ವೈಟ್ಸನ್‌ಗ್ರೀಸ್, ಪಾಸ್ತಾಕ್ಕೆ ಬಳಸುವ ಗಟ್ಟಿ ಡ್ಯೂರಮ್ ಗೋಧಿಯದು, ನಮ್ಮ ಬನ್ಸಿ ರವೆಯ ಹತ್ತಿರದ ನೆಂಟ. ನೀವು ತಂದಿರುವುದು ಮೊದಲನೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಪ್ಯಾಕೆಟ್ ನೋಡಿ. ಮೆದು ಗೋಧಿಯ ಕಾಳು ಬೀಸುವಾಗ ಸುಲಭವಾಗಿ ಒಡೆದು ಸಣ್ಣಗಾಗುತ್ತದೆ, ಬಿಸಿ ನೀರು ಕಂಡೊಡನೆ ಹೊರಮೈಯ ಪಿಷ್ಟ ಉಬ್ಬಿ ಹರಳು ಹರಳಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಊರಿನ ಅಳತೆಯಲ್ಲಿ ನೀರು ಹಾಕಿದರೆ ಸರಿಯಾಗುವುದು ಸಹಜ. ಅಂದರೆ 'ಸರಿ' ಆಗುವುದು.

ಗಟ್ಟಿ ಗೋಧಿಯ ರವೆಯಾದರೆ ಒಬ್ಬರಿಗೆ 60 ಗ್ರಾಂ ರವೆ, 200 ಎಂ.ಎಲ್. ನೀರು. ಮೆದು ರವೆಯಲ್ಲೇ ಮಾಡಲೇಬೇಕಾದರೆ ನೀರನ್ನು 150ಕ್ಕೆ ಇಳಿಸಿ. ರವೆಯನ್ನು ಒಂದು ದೊಡ್ಡ ಚಮಚ ತುಪ್ಪದಲ್ಲಿ ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಹುರಿಯಿರಿ. ಬಣ್ಣ ತಿರುಗುವ ಮೊದಲು ಘಮ ಬರಬೇಕು, ಕೈಯಾಡಿಸಿದರೆ ಮರಳಿನಂತೆ ಸರಿಯಬೇಕು. ತುಪ್ಪದ ಪದರ ಹರಳಿನ ಸುತ್ತ ಕೂತಷ್ಟೂ ಅಂಟು ಕಡಿಮೆ. ಕುದಿಯುವ ನೀರಿಗೆ ರವೆಯನ್ನು ಧಾರೆಯಾಗಿ ಬಿಡಿ. ರವೆಯ ಮೇಲೆ ಕೆಟಲ್‌ನಿಂದ ನೀರು ಸುರಿದರೆ ಗಂಟಾಗುವುದಲ್ಲದೆ ಕೈಗೂ ಸಿಡಿಯುತ್ತದೆ. ಒಂದು ನಿಮಿಷ ಕಲಕಿ, ಬಾಣಲೆಯನ್ನು ಒಲೆಯಿಂದ ಪಕ್ಕಕ್ಕೆ ಇಟ್ಟು, ಐದು ನಿಮಿಷ ಮುಚ್ಚಿ. ಇಷ್ಟು ಮಾಡಿದರೂ ಮೆದು ರವೆ ಉದುರುದುರಾಗುವುದಿಲ್ಲ, ಸುಮಾರಾಗುತ್ತದೆ ಅಷ್ಟೆ. ಅದಕ್ಕೆ ಹೊಂದುವ ತಿಂಡಿ ಬೇರೆ ಇದೆ, ಮುಂದೆ ಹೇಳುತ್ತೇನೆ.

ಒಗ್ಗರಣೆ ಸೀಯುವುದಕ್ಕೆ ಕಾರಣ ಒಲೆ. ಹಾಸ್ಟೆಲಿನ ಗಾಜಿನ ಮೇಲ್ಮೈಯ ಒಲೆಯಾಗಲಿ, ಎರಕದ ಕಬ್ಬಿಣದ ತಟ್ಟೆಯ ಹಳೆಯ ಒಲೆಯಾಗಲಿ, ಕಾಯಲು ಹೊತ್ತು ಹಿಡಿಯುತ್ತದೆ, ಆರಿಸಿದ ಮೇಲೂ ನಿಮಿಷಗಟ್ಟಲೆ ಬಿಸಿ ಕೊಡುತ್ತಲೇ ಇರುತ್ತದೆ. ಗಾಜಿನ ಒಲೆಯಲ್ಲಿ ಗುಂಡಿಯನ್ನು 5ಕ್ಕೆ ಇಟ್ಟರೆ ಶಾಖ ಅರ್ಧವಾಗುವುದಿಲ್ಲ. ಪೂರ್ತಿ ಶಾಖವೇ ಬಿಟ್ಟು ಬಿಟ್ಟು ಬರುತ್ತದೆ. ಗ್ಯಾಸಿನ ಹಾಗೆ ಉರಿ ತಗ್ಗಿಸಿ ಪಾರಾಗುವ ಮಾತಿಲ್ಲ. ಹಾಗಾಗಿ ಸಾಸಿವೆ ಸಿಡಿಯಲು ಕಾದು ಕೂತಿರುವಾಗಲೇ ಮೆಣಸಿನಕಾಯಿ ಕಪ್ಪಾಗುತ್ತದೆ. ಉಪಾಯ ಸುಲಭ. 9ರವರೆಗೆ ಅಂಕಿಯಿರುವ ಗುಂಡಿಯನ್ನು 6ಕ್ಕೆ ಇಟ್ಟು, ಬೆಚ್ಚಗಾದ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ ಒಟ್ಟಿಗೆ ಹಾಕಿ ಮುಚ್ಚಿ. ಬೇಳೆ ಕೆಂಪಾಗುವ ಹೊತ್ತಿಗೆ ಸಾಸಿವೆ ಸಿಡಿದಿರುತ್ತದೆ. ಆಗ ಬಾಣಲೆಯನ್ನು ಒಲೆಯಿಂದ ಎತ್ತಿ ಪಕ್ಕಕ್ಕಿಟ್ಟು ಹಸಿಮೆಣಸು, ಇಂಗು, ಕರಿಬೇವು ಹಾಕಿ. ಎಣ್ಣೆಯಲ್ಲಿರುವ ಬಿಸಿಯೇ ಅವಕ್ಕೆ ಸಾಕು. ಒಣಮೆಣಸು ಹಾಕುವುದಾದರೂ ಹೀಗೆಯೇ. ತಳ ಚಪ್ಪಟೆಯಾದ ಪಾತ್ರೆಯೇ ಇರಲಿ. ಊರಿಂದ ಹೊತ್ತು ತಂದ ಗುಂಡು ಬಾಣಲೆ ಈ ಒಲೆಗೆ ಒಂದು ರೂಪಾಯಿ ಅಗಲದಷ್ಟು ಮಾತ್ರ ತಾಗುತ್ತದೆ. ರೂಮಿನ ಚಾವಣಿಯಲ್ಲಿರುವ ಹೊಗೆಯ ಅಲಾರಂಗೆ ಮೆಣಸಿನ ಘಾಟೂ ಬೆಂಕಿಯ ಹೊಗೆಯೂ ಒಂದೇ. ಕಿಟಕಿ ಮೊದಲೇ ತೆರೆಯಿರಿ, ಅಲಾರಂ ಮಾತ್ರ ಮುಚ್ಚಬೇಡಿ.

ಈಗ ಹೊಟ್ಟೆ ಉಬ್ಬರ. ಅಮ್ಮನ ಮಾತಿನಲ್ಲಿ ಅರ್ಧ ಸತ್ಯವೂ ಇಲ್ಲ. ಪ್ಯಾಕೆಟ್ಟಿನಲ್ಲಿ ಬರುವ ಚಪ್ಪಟೆ ಓಟ್ಸ್ ಹಸಿಯಲ್ಲ. ಕಾಳನ್ನು ಹಬೆಯಲ್ಲಿ ಬಿಸಿ ಮಾಡಿಯೇ ಒತ್ತಿರುತ್ತಾರೆ. ಬೇಯಿಸಿದ ಭತ್ತವನ್ನು ಒತ್ತಿ ನಾವು ಅವಲಕ್ಕಿ ಮಾಡುವುದಿಲ್ಲವೇ, ಹೆಚ್ಚುಕಡಿಮೆ ಅದೇ ಲೆಕ್ಕ. ನೆನೆಸಿದರೆ ಸಾಕು. ಹಾಗೆಯೇ ಓಟ್ಸ್ ತಿಂದರೆ ಸಣ್ಣಗಾಗುತ್ತೇವೆ ಎಂಬುದೂ ಸುಳ್ಳು. 100 ಗ್ರಾಂ ಓಟ್ಸಿನಲ್ಲಿ ಸುಮಾರು 370 ಕ್ಯಾಲರಿ, ರವೆಯಲ್ಲಿ ಸುಮಾರು 350. ಓಟ್ಸಿನ ಹೆಚ್ಚುಗಾರಿಕೆ ನಾರು: ನೂರಕ್ಕೆ ಹತ್ತು ಗ್ರಾಂ.

ನಿಮ್ಮ ತೊಂದರೆ ಅಲ್ಲೇ ಶುರುವಾಗುವುದು. ಎರಡು ವರ್ಷ ಬ್ರೆಡ್ಡು-ಜಾಮಿಗೆ ಒಗ್ಗಿದ ಕರುಳಿಗೆ 80 ಗ್ರಾಂ ಓಟ್ಸ್ ಅಂದರೆ ಒಂದೇ ಏಟಿಗೆ ಎಂಟು ಗ್ರಾಂ ನಾರು. ಅದರ ಜೊತೆಗೆ 300 ಎಂ.ಎಲ್. ಹಾಲಿನಲ್ಲಿ ಸುಮಾರು 14 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ದೊಡ್ಡವರಾದ ಮೇಲೆ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಕಡಿಮೆಯಾಗುವುದು ದಕ್ಷಿಣ ಭಾರತದವರಲ್ಲಿ ತೀರಾ ಸಾಮಾನ್ಯ. ಹೆಚ್ಚಿನವರು ಒಂದು ಲೋಟ ಹಾಲನ್ನು ತಡೆದುಕೊಳ್ಳುತ್ತಾರೆ, ಬರಿ ಹೊಟ್ಟೆಗೆ ಒಂದೂವರೆ ಲೋಟ ಬಿದ್ದಾಗ ತಕರಾರು. ಅದರ ಮೇಲೆ ಸೇಬು, ಅದರಲ್ಲಿ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಜಾಸ್ತಿ, ಸಾರ್ಬಿಟಾಲ್ ಎಂಬ ಇನ್ನೊಂದು ಸಿಹಿಯೂ ಇದೆ. ಜೇನಿನಲ್ಲೂ ಫ್ರಕ್ಟೋಸ್. ಸಣ್ಣ ಕರುಳಿನಲ್ಲಿ ಹೀರಲ್ಪಡದೆ ಉಳಿದದ್ದೆಲ್ಲ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಗಾಳಿ ಮಾಡುತ್ತವೆ. ಇಡ್ಲಿ ಹಿಟ್ಟು ಪಾತ್ರೆಯಲ್ಲಿ ಉಬ್ಬಲಿಲ್ಲ, ತಿಂಡಿ ಹೊಟ್ಟೆಯಲ್ಲಿ ಉಬ್ಬಿತು.

ನಾಲ್ಕರಲ್ಲಿ ಯಾವುದು ಎಂದು ತಿಳಿಯಲು ಒಂದೊಂದನ್ನೇ ಬದಲಾಯಿಸಿ, ಒಂದೊಂದಕ್ಕೂ ಮೂರು ದಿನ ಕೊಡಿ. ಮೊದಲ ಮೂರು ದಿನ ಓಟ್ಸನ್ನು 30 ಗ್ರಾಂಗೆ ಇಳಿಸಿ, ಉಳಿದದ್ದೆಲ್ಲ ಹಾಗೇ ಇರಲಿ. ಉಬ್ಬರ ಹೋಗದಿದ್ದರೆ ಸೇಬು, ಜೇನು ಬಿಟ್ಟು ಕಿತ್ತಳೆ ಅಥವಾ ತೀರಾ ಹಣ್ಣಾಗದ ಅರ್ಧ ಬಾಳೆಹಣ್ಣು ಹಾಕಿ. ಆಮೇಲೂ ಇದ್ದರೆ 'ಲಾಕ್ಟೋಸೆಫ್ರೈ' ಎಂದು ಬರೆದ ಹಾಲು ತನ್ನಿ. ಅದೂ ಹಸುವಿನ ಹಾಲೇ, ಲ್ಯಾಕ್ಟೋಸನ್ನು ಮೊದಲೇ ಒಡೆದಿರುತ್ತಾರೆ, ಹಾಗಾಗಿ ಸ್ವಲ್ಪ ಸಿಹಿ. ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಹೊಟ್ಟೆ ಸರಿಹೋದೀತು, ಆದರೆ ತಪ್ಪಿತಸ್ಥ ಯಾರೆಂದು ಗೊತ್ತಾಗದೆ ಸೇಬು, ಹಾಲು ಎರಡನ್ನೂ ಜೀವನಪೂರ್ತಿ ಬಿಟ್ಟು ಕೂರುತ್ತೀರಿ. ಹೊಟ್ಟೆ ಒಗ್ಗಿದ ಮೇಲೆ ಓಟ್ಸ್ 45 ಗ್ರಾಂಗೆ ಏರಿಸಿ, ಅಲ್ಲಿಗೆ ನಿಲ್ಲಿಸಿ.

ಬಯೋ ಓಟ್ಸ್ ಹಾಲಿಗೆ ಹೋದದ್ದು ಮಾತ್ರ ನನಗೆ ಇಷ್ಟವಾಗಲಿಲ್ಲ. ಯುರೋಪಿನ ಸಾವಯವ ನಿಯಮದ ಪ್ರಕಾರ ಬಯೋ ಗುರುತಿನ ಇಂಥ ಪಾನೀಯಕ್ಕೆ ಕ್ಯಾಲ್ಸಿಯಂ, ಬಿ12 ವಿಟಮಿನ್ ಸೇರಿಸುವಂತಿಲ್ಲ. ಓಟ್ಸಿನ ಹಾಲಿನಲ್ಲಿ ಪ್ರೋಟೀನೂ ನೂರು ಎಂ.ಎಲ್.ಗೆ ಒಂದು ಗ್ರಾಂ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಮೊಟ್ಟೆಯೂ ತಿನ್ನದ ನಿಮಗೆ ಸಹಜವಾಗಿ ಬಿ12 ಬರುವ ದಾರಿ ಹಾಲು, ಮೊಸರು, ಕ್ವಾರ್ಕ್ (ಗಟ್ಟಿ ಮೊಸರಿನಂಥ ಜರ್ಮನ್ ಪದಾರ್ಥ), ಚೀಸ್ ಮಾತ್ರ, 250 ಎಂ.ಎಲ್. ಹಸುವಿನ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಸಿಗುತ್ತದೆ, ಭಾರತದ ಶಿಫಾರಸಿನಂತೆ ದಿನಕ್ಕೆ ಬೇಕಾದದ್ದು ಎರಡಕ್ಕಿಂತ ಹೆಚ್ಚು. ಗಿಡದ ಹಾಲೇ ಬೇಕೆಂದರೆ ಬಯೋ ಅಲ್ಲದ ಸೋಯಾ ಹಾಲು ತೆಗೆದುಕೊಳ್ಳಿ, ಹಿಂಬದಿಯಲ್ಲಿ ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ್ದಾರೆಯೇ ನೋಡಿ. ಹಾಲು ಆಗದವರಿಗೂ ಮೊಸರು ಸಾಮಾನ್ಯವಾಗಿ ಆಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಅರಗಿಸಲು ಕೈಜೋಡಿಸುತ್ತವೆ.

ಇನ್ನು ಹನ್ನೊಂದರ ತೂಕಡಿಕೆ. 60 ಗ್ರಾಂ ರವೆಯ ಉಪ್ಪಿಟ್ಟಿನಲ್ಲಿ ಪ್ರೋಟೀನು ಆರೇಳು ಗ್ರಾಂ, ನಾರು ಎರಡು-ಮೂರು. ಮೆತ್ತಗೆ ಬೆಂದ ಪಿಷ್ಟ ಬೇಗ ಜೀರ್ಣವಾಗುತ್ತದೆ, ಹೊಟ್ಟೆ ಬೇಗ ಖಾಲಿ. ಬೆಳಗಿನ ತಿಂಡಿಗೆ 15ರಿಂದ 20 ಗ್ರಾಂ ಪ್ರೋಟೀನು ಸೇರಿದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಜರ್ಮನಿಯಲ್ಲಿರುವವರಿಗೆ ಇದಕ್ಕೆ ಸುಲಭದ ದಾರಿ ಮಾಗರ್‌ಕ್ವಾರ್ಕ್: 100 ಗ್ರಾಂಗೆ 12 ಗ್ರಾಂ ಪ್ರೋಟೀನು, ಅಗ್ಗ, ಎಲ್ಲ ಅಂಗಡಿಯಲ್ಲೂ ಇರುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿನ ಹಾಗೆ ಗಟ್ಟಿ, ತುಸು ಹುಳಿ. ಬರಿದೇ ತಿನ್ನಲು ನಮ್ಮ ನಾಲಿಗೆಗೆ ಸುಣ್ಣದಂತೆ ಅನಿಸಬಹುದು, ಹಿಟ್ಟಿಗೆ ಕಲಸಿದರೆ ಗೊತ್ತೇ ಆಗುವುದಿಲ್ಲ.

ಆಗಲೇ ಹೇಳಿದ ಮೆದು ರವೆಗೆ ಹೊಂದುವ ತಿಂಡಿ ಇದೇ: ರವೆ ರೊಟ್ಟಿ. 60 ಗ್ರಾಂ ಮೆದು ರವೆ, 100 ಗ್ರಾಂ ಕ್ವಾರ್ಕ್, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ ಇದ್ದರೆ ಅದು, ಉಪ್ಪು. 40 ಎಂ.ಎಲ್. ನೀರು ಹಾಕಿ ಕಲಸಿ 20 ನಿಮಿಷ ಬಿಡಿ. ಉಪ್ಪಿಟ್ಟನ್ನು ಕೆಡಿಸುವ ಅಂಟೇ ಇಲ್ಲಿ ರೊಟ್ಟಿಯನ್ನು ಹಿಡಿದಿಡುತ್ತದೆ. ನೆನೆದ ಮೇಲೆ ಹಿಟ್ಟು ಬೆರಳಿಗೆ ಅಂಟಬೇಕು, ಆದರೆ ಹರಿಯಬಾರದು. ಗಟ್ಟಿಯಾದರೆ ಒಂದು ಚಮಚ ನೀರು. ಎಣ್ಣೆ ಸವರಿದ ತಣ್ಣನೆಯ ಕಾವಲಿಯ ಮೇಲೆಯೇ ಒದ್ದೆ ಕೈಯಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ನಡುವೆ ತೂತು ಮಾಡಿ, ಆಮೇಲೆ ಒಲೆಗೆ ಇಡಿ. ನಿಧಾನ ಕಾಯುವ ಒಲೆಯ ದೋಷ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮುಚ್ಚಿ ಐದಾರು ನಿಮಿಷ, ತಿರುವಿ ಮೂರು ನಿಮಿಷ. ತಿರುವುವಾಗ ಮುರಿದರೆ ತಳ ಇನ್ನೂ ಬೆಂದಿಲ್ಲ ಎಂದರ್ಥ. ಒಟ್ಟು 18-19 ಗ್ರಾಂ ಪ್ರೋಟೀನು, ಉಪ್ಪಿನಕಾಯಿ ಸಾಕು.

ಹೆಸರುಬೇಳೆಗೆ ದೋಸೆ. 80 ಗ್ರಾಂ ಬೇಳೆ ನಾಲ್ಕು ಗಂಟೆ ನೆನೆಸಿ ಅಥವಾ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಯಲಿ. ನೀರು ಬಸಿದು, ಶುಂಠಿ, ಹಸಿಮೆಣಸು, ಉಪ್ಪಿನೊಂದಿಗೆ 80 ಎಂ.ಎಲ್. ನೀರು ಹಾಕಿ ಕಡ್ಡಿ ಬ್ಲೆಂಡರಿನಲ್ಲಿ (ಕೈಯಲ್ಲಿ ಹಿಡಿದು ರುಬ್ಬುವ ಹ್ಯಾಂಡ್ ಬ್ಲೆಂಡರ್) ರುಬ್ಬಿ. ಹುಳಿ ಬರಿಸುವ ಗೋಜಿಲ್ಲ. ತರಿ ಉಳಿದರೆ ದೋಸೆ ಹರಿಯುತ್ತದೆ. ಎರಡು ಚಮಚ ರವೆ ಸೇರಿಸಿದರೆ ಹಿಡಿತ ಬರುತ್ತದೆ, ರವೆಯೂ ಖರ್ಚಾಗುತ್ತದೆ. ಮೂರು ದೋಸೆ, 19 ಗ್ರಾಂ ಪ್ರೋಟೀನು.

ಓಟ್ಸನ್ನು ಸಿಹಿಯಾಗೇ ತಿನ್ನಬೇಕೆಂದು ಯಾರು ಹೇಳಿದರು? ಸಣ್ಣ ಬಗೆಯದು ('ತ್ಸಾರ್ಟ' ಎಂದು ಬರೆದಿರುತ್ತದೆ) 45 ಗ್ರಾಂ, 60 ಎಂ.ಎಲ್. ಬಿಸಿ ನೀರಿನಲ್ಲಿ ಐದು ನಿಮಿಷ ನೆನೆಸಿ, 150 ಗ್ರಾಂ ಮೊಸರು ಕಲಸಿ, ಮೇಲೊಂದು ಒಗ್ಗರಣೆ, ಒಂದು ಹಿಡಿ ಹುರಿದ ಕಡಲೆಬೀಜ. ಮೊಸರವಲಕ್ಕಿಯ ತಮ್ಮ ಎಂದುಕೊಳ್ಳಿ. ಅವಲಕ್ಕಿಗೂ ಇದೇ ಸೂತ್ರ, 50 ಗ್ರಾಂ ಸಾಕು. ಅವಲಕ್ಕಿಯಲ್ಲಿ ಕಬ್ಬಿಣಾಂಶ ಇದೆ ನಿಜ, ಆದರೆ ಎಷ್ಟು ಎಂಬುದು ಮಿಲ್ಲಿನಿಂದ ಮಿಲ್ಲಿಗೆ ಬೇರೆ. ನಿಂಬೆ ಹಿಂಡಿ ತಿನ್ನಿ, ಕಾಫಿಯನ್ನು ಒಂದು ಗಂಟೆ ತಡಮಾಡಿ. ಕಾಫಿ, ಚಹಾ ಎರಡೂ ಗಿಡಮೂಲದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಇಡ್ಲಿ ಬಿಟ್ಟುಬಿಡಿ. ಹಿಟ್ಟು ಹುಳಿಯಾಗಿ ಉಬ್ಬಲು 28-30 ಡಿಗ್ರಿ ಬೇಕು, ನಿಮ್ಮ ರೂಮು 19-20 ಇರುತ್ತದೆ. ಬಾಸ್ಮತಿ ಇಡ್ಲಿಗೆ ಹೇಳಿದ ಅಕ್ಕಿಯಲ್ಲ, ಕಡ್ಡಿ ಬ್ಲೆಂಡರು ಉದ್ದಿಗೆ ಗಾಳಿ ತುಂಬುವುದಿಲ್ಲ. ಅಯೋಡಿನ್ ಉಪ್ಪಿನಿಂದ ಉಬ್ಬಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಓವನ್ನಿನ ದೀಪ ಮಾತ್ರ ಹಚ್ಚಿ, ಹಿಟ್ಟು ಒಳಗಿಟ್ಟರೆ 12-14 ಗಂಟೆಯಲ್ಲಿ ಆಗುತ್ತದೆ. ಆದರೆ ಐದು ವಾರಕ್ಕೋಸ್ಕರ ಉದ್ದು, ಕುಸುಬಲಕ್ಕಿ, ಇಡ್ಲಿ ತಟ್ಟೆ ಹುಡುಕಿಕೊಂಡು ಹೋಗುವುದು ನ್ಯಾಯವಲ್ಲ. ಊರಿಗೆ ಬಂದ ಮರುದಿನವೇ ಅಮ್ಮ ಮಾಡುತ್ತಾರೆ.

ಲೆಕ್ಕಕ್ಕೆ ಬರೋಣ. ಅವಲಕ್ಕಿ 15 ತಿಂಡಿ, ಓಟ್ಸ್ 11, ಹೆಸರುಬೇಳೆ 6, ಒಡೆದ ರವೆ 8. ಒಟ್ಟು 40, ನಿಮಗಿರುವುದು 38 ಬೆಳಗು. ಅಂದರೆ ಒಡೆಯದ ಒಂದು ಕೆ.ಜಿ. ರವೆ ಹೆಚ್ಚುವರಿ. ಅದನ್ನು ಈಗಲೇ ಕೊಟ್ಟುಬಿಡಿ: ಜೂನಿಯರಿಗೆ, ಇಲ್ಲವೇ ಊರಿನಲ್ಲಿರುವ ಫೇರ್‌ಟೈಲರ್ ಎಂಬ ಆಹಾರ ಹಂಚಿಕೆಯ ಕಪಾಟಿಗೆ. ಗಂಜಿ ಮಾಡುವ ಜರ್ಮನರು ಯಾರಾದರೂ ಒಯ್ಯುತ್ತಾರೆ. ಉಪ್ಪಿಟ್ಟು ತಿನ್ನದೆ ಇರಲಾರೆ ಎಂದರೆ ಅರ್ಧ ಕೆ.ಜಿ. ಹಾರ್ಟ್‌ವೈಟ್ಸನ್‌ಗ್ರೀಸ್ ತನ್ನಿ, ಅಷ್ಟೇ ಅವಲಕ್ಕಿಯನ್ನೂ ಯಾರಿಗಾದರೂ ಕೊಡಿ. ಒಡೆದ ರವೆಯಲ್ಲಿ ಜೇಡರ ಬಲೆಯಂಥ ನೂಲು ಕಂಡರೆ ಪತಂಗದ ಹುಳು ಸೇರಿದೆ. ಜರಡಿ ಹಿಡಿಯುತ್ತಾ ಕೂರದೆ ಎಸೆದುಬಿಡಿ, ಪಕ್ಕದ ಡಬ್ಬಿಗಳನ್ನೂ ನೋಡಿ.

ಖಾಲಿ ಮಾಡುವ ಹಟದಲ್ಲಿ ಎರಡು ಕಡೆ ಎಚ್ಚರ. ಪ್ಯಾಕೆಟ್ಟಿನ ಮೇಲೆ 'ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್' ಎಂದಿದ್ದರೆ ಅದು ಗುಣಮಟ್ಟದ ದಿನಾಂಕ. ಓಟ್ಸ್, ರವೆ, ಒಡೆಯದ ಮೊಸರು ಅದು ದಾಟಿದ ಮೇಲೂ ನೋಡಿ, ಮೂಸಿ, ರುಚಿ ನೋಡಿ ಬಳಸಬಹುದು. 'ತ್ಸು ಫೆರ್‌ಬ್ರಾಉಖೆನ್ ಬಿಸ್' ಎಂದಿದ್ದರೆ ಸುರಕ್ಷತೆಯ ದಿನಾಂಕ, ದಾಟಿದರೆ ಕಸಕ್ಕೆ. ಎರಡನೆಯದು, ರಾತ್ರಿಯ ಅನ್ನದ ಚಿತ್ರಾನ್ನ. ಅನ್ನವನ್ನು ಕುಕ್ಕರಿನಲ್ಲೇ ಬೆಳಗಿನವರೆಗೆ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಒಂದೆರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಿ.

ಪ್ರಯೋಗಗಳೆಲ್ಲ ಮಾರ್ಚ್ 10ರೊಳಗೆ ಮುಗಿಯಲಿ. ಆಮೇಲಿನ ಹತ್ತು ದಿನ ಹೊಟ್ಟೆ ಒಪ್ಪಿದ ಎರಡೇ ತಿಂಡಿ. ಡಿಫೆನ್ಸ್ ದಿನ ಮೊಸರು-ಓಟ್ಸ್ 30 ಗ್ರಾಂ, ಎರಡು ಗಂಟೆ ಮುಂಚೆ. ಹೊಸ ಬಗೆಯ ಮ್ಯೂಸ್ಲಿ, ಇಡೀ ರೈ ಕಾಳಿನ ಕಪ್ಪು ಬ್ರೆಡ್ಡು ಅವತ್ತು ಬೇಡ. ತಿಂಡಿ ಸರಿಯಾದ ಮೇಲೂ ಎರಡು ವಾರ ಸುಸ್ತು ಉಳಿದರೆ, ಕೈಕಾಲು ಜೋಮು ಹಿಡಿದರೆ, ಅದು ಅಡುಗೆಮನೆಯ ಸಮಸ್ಯೆಯಲ್ಲ. ವಿದ್ಯಾರ್ಥಿ ವಿಮೆ ಚಾಲ್ತಿಯಲ್ಲಿರುವಾಗಲೇ ಹೌಸ್‌ಆರ್ಟ್ಸ್‌ಟ್ ಎಂಬ ಸಾಮಾನ್ಯ ವೈದ್ಯರ ಬಳಿ ಹೋಗಿ, ಸಸ್ಯಾಹಾರಿ ಎಂದು ತಿಳಿಸಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12 ನೋಡಲು ಕೇಳಿ.

ಕೊನೆಯ ಎರಡು ದಿನ ಫ್ರಿಜ್ಜು ಆರಿಸಿ ಮಂಜು ಕರಗಿಸಬೇಕಾಗುತ್ತದೆ, ಆಗ ಹಾಲು, ಮೊಸರು, ಕ್ವಾರ್ಕ್ ಇರುವುದಿಲ್ಲ. ಅದಕ್ಕೆ 120 ಗ್ರಾಂ ಅವಲಕ್ಕಿ ಎತ್ತಿಡಿ. ದಿನಕ್ಕೆ 60 ಗ್ರಾಂನಂತೆ ಬ್ಲೆಂಡರಿನಲ್ಲಿ ತರಿ ಮಾಡಿ, ಅರ್ಧ ನಿಂಬೆ ಗಾತ್ರದ ಹುಣಿಸೆಯನ್ನು 90 ಎಂ.ಎಲ್. ನೀರಿನಲ್ಲಿ ಕಿವುಚಿ, ಒಂದು ಚಮಚ ಸಾರಿನ ಪುಡಿ, ಒಂದು ಚಮಚ ಬೆಲ್ಲ, ಉಪ್ಪು ಸೇರಿಸಿ ಕಲಸಿ 15 ನಿಮಿಷ ಬಿಡಿ. ಮೇಲೆ ಕಡಲೆಬೀಜದ ಒಗ್ಗರಣೆ. ಗೊಜ್ಜವಲಕ್ಕಿಗೆ ಈರುಳ್ಳಿಯೂ ಬೇಡ, ಫ್ರಿಜ್ಜೂ ಬೇಡ, ಸಂಜೆಯವರೆಗೆ ಕೆಡುವುದಿಲ್ಲ. ಪಾತ್ರೆ ಕಟ್ಟಿಟ್ಟ ಕೊನೆಯ ಬೆಳಿಗ್ಗೆಗೆ ಹಿಂದಿನ ರಾತ್ರಿಯೇ ಒಗ್ಗರಣೆ ಮಾಡಿ ಪುಟ್ಟ ಡಬ್ಬಿಯಲ್ಲಿಡಿ, ಬೆಳಿಗ್ಗೆ ಕಲಸಿದರಾಯಿತು. ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಬಾಳೆಹಣ್ಣು ಶನಿವಾರವೇ ತಂದಿರಲಿ. ಮಾರ್ಚ್ ಕೊನೆಯ ಭಾನುವಾರ ಬೆಳಗಿನ ಜಾವ ಗಡಿಯಾರ ಎರಡರಿಂದ ನೇರ ಮೂರಕ್ಕೆ ಹಾರುತ್ತದೆ. ಅವತ್ತು ಯಾರಾದರೂ ರೂಮು ನೋಡಲು ಬರುವುದಿದ್ದರೆ ಅವಲಕ್ಕಿ ನೆನೆಸುವ ಹೊತ್ತನ್ನು ಹೊಸ ಸಮಯಕ್ಕೆ ಲೆಕ್ಕ ಹಾಕಿ.